ಏಪ್ರಿಲ್ 25ರ ನಸುಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮಕ್ಕಳೋ ನೆಂಟರೋ ಆಸ್ಟ್ರೇಲಿಯಾದಲ್ಲೋ ನ್ಯೂಜಿಲೆಂಡಿನಲ್ಲೋ ಇದ್ದರೆ ಏಪ್ರಿಲ್ 25ಕ್ಕೆ ಫೋನ್ ಮಾಡಿ ನೋಡಿ. ‘ಇವತ್ತು ಆಂಜಾಕ್ ಡೇ, ರಜೆ’ ಅನ್ನುತ್ತಾರೆ. ಯುದ್ಧದ ಹೆಸರಲ್ಲಿ ರಜೆ ಅಂದ್ರೆ ಗೆದ್ದ ದಿನವೇ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಇದು ಮೊದಲ ಮಹಾಯುದ್ಧದಲ್ಲಿ ಸೋತ ಒಂದು ಕಾಳಗದ ನೆನಪು.

ಆಂಜಾಕ್ ಅನ್ನುವುದು ಆ ಎರಡು ದೇಶಗಳ ಜಂಟಿ ಸೇನಾದಳದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. 1915ರ ಏಪ್ರಿಲ್ 25ರಂದು, ಬೆಳಕು ಹರಿಯುವ ಮುಂಚೆ, ಈ ದಳ ಬ್ರಿಟಿಷರ ಪರವಾಗಿ ತುರ್ಕಿಯ ಗಲ್ಲಿಪೊಲಿ ತೀರದಲ್ಲಿ ಇಳಿಯಿತು. ಡಾರ್ಡನೆಲ್ಸ್ ಜಲಸಂಧಿ ಹಿಡಿದರೆ ಇಸ್ತಾಂಬುಲ್ ಸಿಗುತ್ತದೆ, ರಷ್ಯಾಕ್ಕೆ ಹಡಗಿನ ದಾರಿ ತೆರೆಯುತ್ತದೆ ಅನ್ನುವುದು ಬ್ರಿಟಿಷರ ಲೆಕ್ಕ. ಆದರೆ ಎದುರಿಗಿದ್ದದ್ದು ಕಡಿದಾದ ಗುಡ್ಡ. ಗುಡ್ಡದ ಮೇಲೆ ತುರ್ಕರು. ಅವರ ಒಂದು ಪಡೆಯ ಮುಖ್ಯಸ್ಥ ಮುಸ್ತಫಾ ಕೆಮಾಲ್, ಮುಂದೆ ತುರ್ಕಿಯ ಮೊದಲ ಅಧ್ಯಕ್ಷನಾದವನು. ಎಂಟು ತಿಂಗಳು ಕಂದಕದಲ್ಲೇ ಕಳೆಯಿತು. ಆಸ್ಟ್ರೇಲಿಯಾದವರೇ 8,000ಕ್ಕಿಂತ ಜಾಸ್ತಿ ಜನ ಸತ್ತರು. ತುರ್ಕರ ಕಡೆ ಸತ್ತವರು ಅದರ ಎಷ್ಟೋ ಪಟ್ಟು.

ಈ ಕಥೆಯಲ್ಲಿ ಚೆನ್ನಾಗಿ ನಡೆದ ಕೆಲಸ ಒಂದೇ, ವಾಪಸ್ ಹೊರಟದ್ದು. ಡಿಸೆಂಬರ್‌ನಲ್ಲಿ ರಾತ್ರಿ ರಾತ್ರಿ ಸದ್ದಿಲ್ಲದೆ ಜಾಗ ಖಾಲಿ ಮಾಡಬೇಕಿತ್ತು. ಗುಂಡಿನ ಸದ್ದು ನಿಂತರೆ ಶತ್ರುವಿಗೆ ಗುಮಾನಿ ಬರುತ್ತದೆ. ಆಗ ಒಬ್ಬ ಸೈನಿಕ ಒಂದು ಉಪಾಯ ಹೂಡಿದ. ಮೇಲೊಂದು ನೀರಿನ ಡಬ್ಬ, ಅದಕ್ಕೆ ಸಣ್ಣ ತೂತು. ಕೆಳಗೆ ಇನ್ನೊಂದು ಖಾಲಿ ಡಬ್ಬ, ಅದರಿಂದ ಬಂದೂಕಿನ ಟ್ರಿಗರಿಗೆ ಒಂದು ದಾರ. ನೀರು ತೊಟ್ಟಿಕ್ಕಿ ಕೆಳಗಿನ ಡಬ್ಬ ಭಾರವಾಯಿತೋ, ದಾರ ಎಳೆಯಿತು, ಢಮ್! ಹಾರಿಸಬೇಕಾದವನು ಅಷ್ಟೊತ್ತಿಗೆ ದೋಣಿಯ ದಾರಿ ಹಿಡಿದಿರುತ್ತಿದ್ದ.

ಮರುವರ್ಷ, 1916ರಿಂದಲೇ ಆಚರಣೆ ಶುರುವಾಯಿತು. ಅದರ ಜೀವಾಳ ನಸುಕಿನ ಪ್ರಾರ್ಥನೆ. ಇದು ಹೇಗೆ ಬಂತು ಅನ್ನುವುದಕ್ಕೆ ಎರಡು ಮೂರು ಕಥೆ ಇವೆ. ನನಗೆ ಹಿಡಿಸಿದ್ದು ಸಿಡ್ನಿಯದು. 1927ರ ಆಂಜಾಕ್ ದಿನ, ಇನ್ನೂ ಬೆಳಕಾಗಿಲ್ಲ. ಕೆಲವು ಮಾಜಿ ಸೈನಿಕರು ಎಲ್ಲೋ ಕೂಟ ಮುಗಿಸಿ ಮನೆಗೆ ಹೊರಟಿದ್ದರು. ಯುದ್ಧ ಸ್ಮಾರಕದ ಹತ್ತಿರ ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ಹೂವು ಇಡುತ್ತಿದ್ದಳು. ಇವರೂ ಹೋಗಿ ಪಕ್ಕದಲ್ಲಿ ತಲೆಬಾಗಿ ನಿಂತರು. ಮುಂದಿನ ವರ್ಷದಿಂದ ಅದೇ ಹೊತ್ತಿಗೆ ಎಲ್ಲರೂ ಸೇರತೊಡಗಿದರಂತೆ.

ಈಗಲೂ ಹಾಗೇ. ಕತ್ತಲಲ್ಲಿ ಜನ ನಿಂತಿರುತ್ತಾರೆ, ಕೋಟಿಗೆ ರೋಸ್‌ಮೇರಿಯ ಎಸಳು ಸಿಕ್ಕಿಸಿಕೊಂಡು. ಆ ಗಿಡ ಗಲ್ಲಿಪೊಲಿಯಲ್ಲಿ ಕಾಡಿನಂತೆ ಬೆಳೆಯುತ್ತದೆ. ಕಹಳೆ, ಮೌನ, ಮತ್ತೆ ಕಹಳೆ. ಆಮೇಲೆ ರಮ್ ಬೆರೆಸಿದ ಕಾಫಿ, ಮೆರವಣಿಗೆ. ನ್ಯೂಜಿಲೆಂಡಿನಲ್ಲಿ ಹೆಚ್ಚಿನ ಅಂಗಡಿಗಳು ಮಧ್ಯಾಹ್ನ 1 ಗಂಟೆವರೆಗೆ ಬಾಗಿಲು ತೆಗೆಯುವುದಿಲ್ಲ. 2020ರಲ್ಲಿ ಕೊರೊನಾ ಬಂದು ಮೆರವಣಿಗೆ ನಿಂತಾಗ, ಜನ ನಸುಕಿಗೆ ಎದ್ದು ತಮ್ಮ ತಮ್ಮ ಮನೆ ಮುಂದೆ ಮೇಣದಬತ್ತಿ ಹಿಡಿದು ನಿಂತರು.

ಬೆಳಗ್ಗೆ ಅಷ್ಟು ಗಂಭೀರ. ಮಧ್ಯಾಹ್ನ ಪಬ್‌ಗಳಲ್ಲಿ ಜೂಜು! ನಾಣ್ಯ ಮೇಲಕ್ಕೆ ಚಿಮ್ಮಿಸಿ ಪಣ ಕಟ್ಟುವ ‘ಟೂ ಅಪ್’ ಆಟ ಅಂದಿನ ಸೈನಿಕರಿಗೆ ಬಹಳ ಇಷ್ಟವಿತ್ತು. ಹಾಗಾಗಿ ಆ ದಿನ ಸಿಡ್ನಿ ಕಡೆ ಕಾನೂನೇ ಕಣ್ಣು ಮುಚ್ಚಿಕೊಳ್ಳುತ್ತದೆ. ಇನ್ನು ಆಂಜಾಕ್ ಬಿಸ್ಕತ್ತು: ಓಟ್ಸ್, ತೆಂಗಿನಕಾಯಿ, ಬೆಣ್ಣೆ, ಸಕ್ಕರೆ ಪಾಕ. ಮೊಟ್ಟೆ ಇಲ್ಲ, ಆದ್ದರಿಂದ ನಮ್ಮ ಅಜ್ಜಿಯರಿಗೂ ನಡೆಯುತ್ತದೆ. ಆದರೆ ಅದನ್ನು ‘ಕುಕಿ’ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ. ಆಂಜಾಕ್ ಅನ್ನುವ ಪದಕ್ಕೆ ಅಲ್ಲಿ ಕಾನೂನಿನ ಕಾವಲಿದೆ.

ಗಲ್ಲಿಪೊಲಿಯಲ್ಲಿ ನಮ್ಮವರೂ ಇದ್ದರು. ಸಿಖ್ಖರು, ಗೂರ್ಖಾಗಳು, ಬೆಟ್ಟದ ಫಿರಂಗಿ ಪಡೆಯವರು, ಹೇಸರಗತ್ತೆಗಳ ಮೇಲೆ ನೀರು ಮದ್ದುಗುಂಡು ಹೊತ್ತು ಗುಡ್ಡ ಹತ್ತಿದವರು. ಸುಮಾರು 1,400 ಭಾರತೀಯರು ಅಲ್ಲಿ ಸತ್ತರು. ಗಾಯಾಳುಗಳನ್ನು ಕತ್ತೆಯ ಮೇಲೆ ಸಾಗಿಸಿದ ಸಿಂಪ್ಸನ್ ಎಂಬಾತ ಆಸ್ಟ್ರೇಲಿಯಾದ ಮಕ್ಕಳಿಗೆಲ್ಲ ಗೊತ್ತು. ಅವನು ಇರುತ್ತಿದ್ದದ್ದು ಈ ಭಾರತೀಯರ ಬಿಡಾರದಲ್ಲೇ. ಇವರು ಅವನನ್ನು ‘ಬಹದ್ದೂರ್’ ಅಂತ ಕರೆಯುತ್ತಿದ್ದರಂತೆ.

ನಮ್ಮ ಮೈಸೂರಿನ ಕುದುರೆ ಸವಾರರು ಅಲ್ಲಿ ಇರಲಿಲ್ಲ. ಅವರ ಹೆಸರು ಬರುವುದು ಪ್ಯಾಲೆಸ್ಟೈನಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ, ತುರ್ಕರ ಫಿರಂಗಿಗಳ ಮೇಲೆ ಬಿದ್ದವರು ಮೈಸೂರು ಲ್ಯಾನ್ಸರ್ಸ್. ಜೋಧಪುರದವರು ಊರೊಳಗೆ ನುಗ್ಗಿದರು. ಆ ಇಡೀ ಕುದುರೆ ದಂಡಿನ ದಂಡನಾಯಕ ಹ್ಯಾರಿ ಶೋವೆಲ್, ಆಸ್ಟ್ರೇಲಿಯಾದವನು, ಗಲ್ಲಿಪೊಲಿಯಲ್ಲಿ ಕಾದಾಡಿ ಬಂದವನು. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ.ನಗರದಲ್ಲಿದೆ. ಸೇನೆಯವರು ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ನೆನೆಯುತ್ತಾರೆ. ನಮಗೆ ಅವತ್ತು ರಜೆ ಇಲ್ಲ.

ನಮಸ್ಕಾರ.