ತೀರ್ಥ, 5 ಎಂಎಲ್

ನಮ್ಮ ದೊಡ್ಡಮ್ಮ ಹೋದ ಹದಿಮೂರನೇ ದಿನ, ಊಟಕ್ಕೆ ಕೂತಾಗ, ಹತ್ತಿರದವರೇ ಒಬ್ಬರು ಅಂದ್ರು: “ಅಷ್ಟು ಪೂಜೆ ಮಾಡಿದ ಜೀವ, ಒಂಬತ್ತು ವರ್ಷ ಹೀಗೆ ನರಳಬೇಕಿತ್ತಾ? ಆ ದೇವರಿಗೆ ಕಣ್ಣಿರಲಿಲ್ವಾ?” ಎಲೆ ಮುಂದೆ ಜಗಳ ಬೇಡ ಅಂತ ಸುಮ್ಮನಿದ್ದೆ. ಇವತ್ತು ಹೇಳ್ತೀನಿ.

ದೊಡ್ಡಮ್ಮನ ಮನೆ ಬೆಂಗಳೂರಿನ ಗವಿಪುರದಲ್ಲಿ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತಲ್ಲ, ಅದಕ್ಕೆ ಮಧ್ಯಾಹ್ನವೇ ಹೋಗಿ ನಿಲ್ಲೋರು. ಶುಗರ್ ಇತ್ತು, ಅದು ಕಿಡ್ನಿ ತಿಂತು. ವಾರಕ್ಕೆ 3 ಡಯಾಲಿಸಿಸ್, ಒಂದೊಂದಕ್ಕೆ 4 ಗಂಟೆ. ಮಂಗಳವಾರ, ಗುರುವಾರ, ಶನಿವಾರವೇ ಬೇಕು ಅಂತ ಕೇಳಿ ತಗೊಂಡಿದ್ರು. ಸೋಮವಾರ ಶಿವನಿಗೆ.

ಕಾಯಿಲೆ ಅವರ ಪೂಜೆಯಿಂದ ಒಂದೊಂದೇ ಕಿತ್ಕೊಳ್ತಾ ಹೋಯ್ತು. ಬಾಳೆಹಣ್ಣು, ಎಳನೀರು ಕೂಡದು. ಅವುಗಳಲ್ಲಿರೋ ಪೊಟ್ಯಾಸಿಯಂ ರಕ್ತದಲ್ಲಿ ಏರಿದ್ರೆ ಎದೆಬಡಿತವೇ ತಪ್ಪುತ್ತೆ. ಪಂಚಾಮೃತ ಹೋಯ್ತು. ಇನ್ಸುಲಿನ್‌ನಿಂದ ಉಪವಾಸ ಹೋಯ್ತು. ಡಯಾಲಿಸಿಸ್ ಸೂಜಿಗೆ ಅಂತ ಎಡಗೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಮೇಲೆ ಆ ಕೈಯ ಬಳೆ ಹೋಯ್ತು. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ತಂಬೂರಿ ತಂತಿ ಥರ ಜುಮ್ ಅಂತ ಅದುರೋದು. ಬೆಳಿಗ್ಗೆ ಎದ್ದು ಮೊದಲು ಅದನ್ನ ಮುಟ್ಟಿ ನೋಡ್ಕೊಂಡು, ಆಮೇಲೆ ದೀಪ ಹಚ್ಚೋರು.

ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿದ್ರು. ಅದಕ್ಕೊಂದು ಚಿಕ್ಕ ನೋಟ್‌ಬುಕ್. ಗುಂಡು ಗುಂಡಾದ ಅಕ್ಷರ: “ಕಾಫಿ 100. ಮಾತ್ರೆಗೆ 50. ತೀರ್ಥ 5.” ಉದ್ಧರಣೆಯಲ್ಲಿ ಎಷ್ಟು ಹಿಡಿಯುತ್ತೆ ಅಂತ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ನೋಡಿದ್ರು! ತೀರ್ಥ ತಾನೇ, ಲೆಕ್ಕಕ್ಕೆ ಬರಲ್ಲ ಅಂತ ತಮಗೆ ತಾವೇ ಸುಳ್ಳು ಹೇಳ್ಕೊಳ್ಳಲಿಲ್ಲ. ಲೆಕ್ಕಕ್ಕೆ ಬರುತ್ತೆ ಅಂತ ಒಂದು ದಿನವೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಭಕ್ತಿ ನಾನು ಕಂಡಿಲ್ಲ.

ಒಮ್ಮೆ ಮೆಷಿನ್ ಓಡ್ತಿರುವಾಗ ತುಟಿ ಅಲುಗಾಡ್ತಿತ್ತು. “ಏನು ಬೇಡ್ಕೋತಿದ್ದೀರಾ ದೊಡ್ಡಮ್ಮಾ?” ಅಂದೆ. “ಸೂಜಿ ಹಾಕ್ತಾಳಲ್ಲ ಆ ಹುಡುಗಿ, ಅವಳಿಗೆ ಒಳ್ಳೇ ಗಂಡು ಸಿಗ್ಲಿ ಅಂತ” ಅಂದ್ರು. ಅವರ ಕಾಯಿಲೆಗೆ ಹರಕೆ ಹೊತ್ತವಳು ನಾನು. ಅವರು ಹೊತ್ತಿರಲಿಲ್ಲ. ಹಾಗಾಗಿ “ದೇವರು ಏನು ಕೊಟ್ಟ” ಅನ್ನೋ ಪ್ರಶ್ನೆ ನಮ್ಮದು, ಅವರ ತಲೆಗೆ ಯಾಕೆ ಕಟ್ತೀರಿ?

ನನಗೆ ಕೋಪ ಬರೋದು ಇಲ್ಲೇ. ಅವರು ಬದುಕಿದ್ದಾಗಲೇ, ಕೇಳಿಸೋ ಹಾಗೇ, “ಯಾವ ಜನ್ಮದ ಕರ್ಮವೋ” ಅಂದವರಿದ್ದಾರೆ. ಅವತ್ತು ದೊಡ್ಡಮ್ಮ ಗೋಡೆ ಕಡೆ ತಿರುಗಿ ಮಲಗಿದ್ರು. ರಾತ್ರಿ ಊಟ ಮಾಡಲಿಲ್ಲ. ದಯವಿಟ್ಟು ಹಾಸಿಗೆ ಹಿಡಿದವರ ಮುಂದೆ ಆ ಮಾತು ಆಡಬೇಡಿ. ಹೋಗಿ, ಕೈ ಹಿಡ್ಕೊಂಡು ಕೂತ್ಕೊಳ್ಳಿ, ಸಾಕು.

ಕಡೇ ಕಾರ್ತಿಕ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಪ್ರತಿ ವರ್ಷ ಇಬ್ಬರೂ ಹೋಗ್ತಿದ್ವಿ. ಕಡಲೆಕಾಯಿಯೂ ಅವರಿಗೆ ಕೂಡದು. ಒಂದು ಸೇರು ಕೊಂಡು, ಸುಲಿದು ಸುಲಿದು ನನ್ನ ಕೈಗೆ ಹಾಕಿ, ತಾವು ಪ್ರಸಾದ ಅಂತ ಎರಡು ಬೀಜ ಬಾಯಿಗೆ ಹಾಕ್ಕೊಳ್ಳೋರು. ಈ ಸಲ ಒಬ್ಬಳೇ ಹೋದೆ. ಮೆಟ್ಟಿಲ ಮೇಲೆ ಕೂತು ಸುಲಿದೆ. ಮೊದಲ ಎರಡು ಬೀಜ ಹಾಗೇ ಪಕ್ಕಕ್ಕೆ ಇಟ್ಟುಬಿಟ್ಟಿದ್ದೆ.