ಅಂಚಿನಲ್ಲಿ ಒಂದು ಬದನೆಕಾಯಿ

ಕೇಳುಗರಿಗೆ ನಮಸ್ಕಾರ. ಸಣ್ಣ ಕಥೆಗೆ ಟಿಪ್ಪಣಿ ಹಾಕುತ್ತಾ ಓದುವುದು ಹೇಗೆಂದು ಹೇಳಲು ನನ್ನನ್ನು ಕರೆದಿದ್ದಾರೆ. ಪರೀಕ್ಷೆಗೆ ಕುಳಿತಿರುವ ಮಕ್ಕಳೂ ಅವರ ಮೇಷ್ಟರುಗಳೂ ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಾನು ಹೇಳುವುದು ಒಂದೇ ಮಾತು: ಪುಟದ ಅಂಚಿನಲ್ಲಿ ಅಲಂಕಾರದ ಹೆಸರು ಬರೆಯಬೇಡಿ, ‘ಇದೇ ಏಕೆ?’ ಎಂದು ಬರೆಯಿರಿ.

ಮಾಸ್ತಿಯವರ ‘ರಂಗನ ಮದುವೆ’ಯನ್ನೇ ನೋಡಿ. ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಹೊಸಹಳ್ಳಿಗೆ ಮರಳಿದ ರಂಗನಿಗೆ ಸದ್ಯಕ್ಕೆ ಮದುವೆ ಬೇಡ. ಕಥೆ ಹೇಳುವ ಶ್ಯಾಮನಿಗೆ ಅದನ್ನು ಮಾಡಿಸಿಯೇ ತೀರಬೇಕು. ರಾಮರಾಯರ ಮನೆಯ ಹುಡುಗಿ ರತ್ನ ಹಾಡುವುದು ರಂಗನ ಕಿವಿಗೆ ಬೀಳುವಂತೆ ಮಾಡಿ, ಆಮೇಲೆ ‘ಅವಳಿಗೆ ಮದುವೆಯಾಗಿದೆ’ ಎಂದು ಹಸಿ ಸುಳ್ಳು ಹೇಳುತ್ತಾನೆ. ರಂಗನ ಮುಖ ಸುಟ್ಟ ಬದನೆಕಾಯಿಯಂತೆ ಆಗುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಈ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಉಪಮಾಲಂಕಾರ’ ಎಂದು ಬರೆದಿದ್ದಳು. ಸರಿಯಮ್ಮಾ, ಬದನೆಕಾಯಿಯೇ ಏಕೆ ಎಂದೆ. ಮೌನ. ಗೈಡಿನಲ್ಲಿ ಅದಿರಲಿಲ್ಲ, ಪಾಪ! ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಸರ್, ಬದನೆಕಾಯಿ ಕೆಂಡದಲ್ಲಿ ಸುಟ್ಟರೆ ಸಿಪ್ಪೆ ಸುಕ್ಕಾಗುತ್ತದೆ, ಒಳಗೆಲ್ಲಾ ಮೆತ್ತಗಾಗುತ್ತದೆ. ಆಮೇಲೆ ಗೊಜ್ಜಿಗೆ ಬೆರಳಲ್ಲೇ ಹಿಸುಕಬಹುದು.” ತರಗತಿಯೆಲ್ಲ ನಕ್ಕಿತು. ನಾನು ಮಾತ್ರ ಕುರ್ಚಿಯಿಂದ ಎದ್ದು ನಿಂತೆ. ಮದುವೆ ಬೇಡವೆಂದ ಬಿಗುಮಾನ ಸಿಪ್ಪೆಯಂತೆ ಸುಕ್ಕಾಗಿದೆ, ಒಳಗೆ ಹುಡುಗ ಮೆತ್ತಗಾಗಿದ್ದಾನೆ, ಇನ್ನು ಶ್ಯಾಮ ಹಿಸುಕುವುದೊಂದೇ ಬಾಕಿ!

ಅಲ್ಲಿಂದ ಪುಟಗಳನ್ನು ಹಿಂದಕ್ಕೆ ತಿರುವಿದೆವು. ಮೊದಲಲ್ಲೇ ಶ್ಯಾಮ ಹೊಸಹಳ್ಳಿಯನ್ನು ಕರಿಗಡುಬಿನ ಹೂರಣಕ್ಕೆ ಹೋಲಿಸಿದ್ದಾನೆ. ಆಮೇಲೆ ಬ್ರಹ್ಮರಂಧ್ರಕ್ಕೇರುವ, ಎಂದರೆ ನೆತ್ತಿಗೇರುವ, ಹುಳಿ ಮಾವಿನಕಾಯಿ. ರತ್ನ ಶ್ಯಾಮನ ಮನೆಗೆ ಬಂದದ್ದೂ ಮಜ್ಜಿಗೆಗಾಗಿ. ನೋಡಿದಿರಾ? ಮದುವೆಯನ್ನು ಈ ಮನುಷ್ಯ ಅಡುಗೆಯಂತೆ ಬೇಯಿಸುತ್ತಿದ್ದಾನೆ. ಕೆಂಪು ಶಾಯಿಯ ‘ಉಪಮಾಲಂಕಾರ’ ನಮ್ಮನ್ನು ಇಲ್ಲಿಗೆ ತರುತ್ತಿತ್ತೇ? ಅದಕ್ಕೇ ಹೇಳುವುದು, ‘ಇದೇ ಏಕೆ?’

ಅಯ್ಯೋ, ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಕಥೆಯ ವ್ಯಂಗ್ಯ, ವಸ್ತು ಎರಡೂ ಹೇಳದೆ ಉಳಿದವು. ಇಂಗ್ಲಿಷ್ ಕಲಿತು ಬಂದವನ ಎದೆ ತಡವಿ ಮುದುಕಿಯೊಬ್ಬಳು ಜನಿವಾರ ಇದೆಯೇ ಎಂದು ನೋಡುತ್ತಾಳಲ್ಲ, ಅಲ್ಲೊಂದು ಗೆರೆ ಎಳೆಯಿರಿ. ಕೊನೆಯಲ್ಲಿ ರಂಗ ತನ್ನ ಮಗನಿಗೆ ಶ್ಯಾಮನ ಹೆಸರನ್ನೇ ಇಡುತ್ತಾನೆ, ಅಲ್ಲೊಂದು. ಗೆದ್ದದ್ದು ಬೆಂಗಳೂರೋ ಹೊಸಹಳ್ಳಿಯೋ, ಆ ಎರಡು ಗೆರೆಗಳ ನಡುವೆ ಹುಡುಕಿ.

ಬರೆಯುವುದು ಪೆನ್ಸಿಲ್ಲಿನಲ್ಲಿ. ಗ್ರಂಥಾಲಯದ ಪುಸ್ತಕವಾದರೆ ದಯವಿಟ್ಟು ಬೇರೆ ಹಾಳೆಯಲ್ಲಿ. ನಮಸ್ಕಾರ.