ನಿಮ್ಮ ಕಾರಿನ ಚಾಸಿ ನಂಬರ್ ಹಾಕಿ ನೋಡಿದ್ದೀರಾ?

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಕಾರು ಇರುವವರು ಒಂದು ಪೆನ್ನು, ಚೀಟಿ ಹತ್ತಿರ ಇಟ್ಟುಕೊಳ್ಳಿ. ನಾನು ಇವತ್ತು ಹೇಳುವುದು ಒಂದೇ ಮಾತು: ನಿಮ್ಮ ಗಾಡಿಗೆ ರೀಕಾಲ್ ಇದೆಯಾ ಅಂತ ಕಂಪನಿಯ ವೆಬ್‌ಸೈಟ್‌ನಲ್ಲಿ ಚಾಸಿ ನಂಬರ್, ಅಂದರೆ ಆರ್‌ಸಿಯಲ್ಲಿರುವ ಗಾಡಿಯ ಗುರುತಿನ ಸಂಖ್ಯೆ, ಹಾಕಿ ನೋಡಿ.

ರೀಕಾಲ್ ಅಂದರೇನು? 'ಕಂಪನಿ ಕಾರುಗಳನ್ನು ವಾಪಸ್ ಕರೆಸಿಕೊಂಡಿದೆ' ಅಂತ ಪತ್ರಿಕೆಯಲ್ಲಿ ಬರುತ್ತದೆ. ಓದಿದವರು ಕಾರನ್ನೇ ತೆಗೆದುಕೊಂಡು ಹೋಗುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ತಯಾರಾಗುವಾಗಲೇ ಒಂದು ಭಾಗದಲ್ಲಿ ದೋಷ ಉಳಿದಿದೆ, ಬನ್ನಿ, ಬದಲಾಯಿಸಿ ಕೊಡುತ್ತೇವೆ ಅಂತ ಕಂಪನಿ ಕರೆಯುತ್ತದೆ, ಅಷ್ಟೇ. ಒಂದು ಪೈಸೆ ಕೊಡಬೇಕಿಲ್ಲ.

2020ರ ಜುಲೈನಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಹೀಗೆ ಕರೆಯಿತು. 2021ರ ಏಪ್ರಿಲ್‌ನಲ್ಲಿ ಹೋಂಡಾ 77,954 ಕಾರುಗಳನ್ನು ಕರೆಯಿತು. 2024ರಲ್ಲಿ ಅದೇ ಹೋಂಡಾ ಮತ್ತೆ 90 ಸಾವಿರಕ್ಕೂ ಜಾಸ್ತಿ. ಮೂರೂ ಸಲ ದೂರು ಇದ್ದದ್ದು ಫ್ಯೂಯೆಲ್ ಪಂಪ್ ಮೇಲೆ.

ಈ ಪಂಪ್ ಪೆಟ್ರೋಲ್ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದರಲ್ಲೊಂದು ಪುಟ್ಟ ಪ್ಲಾಸ್ಟಿಕ್ ಚಕ್ರ, ಇಂಪೆಲ್ಲರ್ ಅಂತ. ಅದು ತಿರುಗಿದರೇನೇ ಎಂಜಿನ್‌ಗೆ ಪೆಟ್ರೋಲ್. ಚಕ್ರ ಸರಿಯಾಗಿಲ್ಲದಿದ್ದರೆ ಪೆಟ್ರೋಲ್ ಹೀರಿಕೊಂಡು ಉಬ್ಬುತ್ತದೆ, ಸುತ್ತಲಿನ ಗೋಡೆಗೆ ಉಜ್ಜುತ್ತದೆ, ಒಂದು ದಿನ ನಿಂತುಬಿಡುತ್ತದೆ. ಓಡುವ ಕಾರು ಓಡುತ್ತಲೇ ಆಫ್.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಚಾರ್ಮಾಡಿ ಘಾಟಿ ಹತ್ತುತ್ತಿದ್ದರು. ಸಂಜೆ, ಮಂಜು ಬೇರೆ. ಹಿಂದಿನ ಸೀಟಿನಲ್ಲಿ ಅತ್ತೆ, ಇಬ್ಬರು ಮಕ್ಕಳು. ತಿರುವಿನಲ್ಲೇ ಎಂಜಿನ್ ನಿಂತಿತು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿ. ಬ್ರೇಕು ಒಂದೆರಡು ಸಲ ಸಲೀಸಾಗಿ ಹಿಡಿಯುತ್ತದೆ, ಆಮೇಲೆ ಅದೂ ಗಟ್ಟಿ. ಕಾರು ಹಿಂದಕ್ಕೆ ಜಾರತೊಡಗಿತು. ಇವರು ಹ್ಯಾಂಡ್ ಬ್ರೇಕ್ ಎಳೆದು ಹಿಡಿದರು. ಹಿಂದೆ ಬರುತ್ತಿದ್ದ ಜೀಪಿನವರು ಇಳಿದು ಓಡಿಬಂದು ಟಯರಿಗೆ ಕಲ್ಲು ಕೊಟ್ಟರು. ಆ ಪುಣ್ಯಾತ್ಮರ ಹೆಸರು ಕೇಳುವುದಕ್ಕೂ ಆಗಲಿಲ್ಲ ಅಂತ ಇವರು ಇವತ್ತಿಗೂ ಪೇಚಾಡುತ್ತಾರೆ.

ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಯಿತು. ಊರಿಗೆ ಬಂದು ಮೆಕ್ಯಾನಿಕ್ ಹತ್ತಿರ ಹೋದರು. ಪೆಟ್ರೋಲಿಗೆ ನೀರು ಸೇರಿದೆ ಅಂದರು, ಟ್ಯಾಂಕ್ ತೊಳೆದರು. ಮತ್ತೆ ನಿಂತಿತು. ಪ್ಲಗ್ ಬದಲಾಯಿಸಿದರು. ಮತ್ತೆ ನಿಂತಿತು. ಒಂಬತ್ತು ಸಾವಿರ ಖರ್ಚಾದ ಮೇಲೆ ನನಗೆ ಫೋನ್ ಮಾಡಿದರು. ನಾನು ಕೇಳಿದ್ದು ಒಂದೇ: ಚಾಸಿ ನಂಬರ್ ಹಾಕಿ ನೋಡಿದ್ದೀರಾ? ನೋಡಿರಲಿಲ್ಲ. ನೋಡಿದರೆ ರೀಕಾಲ್ ಆಗಿ ಎರಡು ವರ್ಷ! ಕಂಪನಿ ಪತ್ರ ಕಳಿಸಿತ್ತು, ಮೊದಲ ಮಾಲೀಕರ ಹಳೇ ವಿಳಾಸಕ್ಕೆ. ಅವರು ಮನೆ ಬದಲಾಯಿಸಿದ್ದರು. ಪತ್ರ ಯಾರ ಕೈಗೂ ಸಿಗಲಿಲ್ಲ. ಸರ್ವೀಸ್ ಸೆಂಟರಿಗೆ ಬೆಳಗ್ಗೆ ಬಿಟ್ಟರು, ಮಧ್ಯಾಹ್ನದೊಳಗೆ ಹೊಸ ಪಂಪ್ ಕೂತಿತು. ಬಿಲ್ಲು ಸೊನ್ನೆ.

ಅದಕ್ಕೇ ಸೆಕೆಂಡ್ ಹ್ಯಾಂಡ್ ಕಾರಿನವರಿಗೆ ಒತ್ತಿ ಹೇಳುತ್ತೇನೆ. ಪತ್ರ ಬರಲಿ, ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ. ನೀವೇ ನೋಡಿ. 'ನನ್ನ ಗಾಡಿ ಚೆನ್ನಾಗಿಯೇ ಓಡ್ತಿದೆ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರವಾಗುತ್ತದೆ. ಘಾಟಿಯಲ್ಲಿ ನಿಲ್ಲುವ ಹಿಂದಿನ ನಿಮಿಷದವರೆಗೂ ಆ ಕಾರೂ ಚೆನ್ನಾಗಿಯೇ ಓಡುತ್ತಿತ್ತು ಅಲ್ವಾ?

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. 2021ರ ಏಪ್ರಿಲ್ 1ರಿಂದ ಇದಕ್ಕೆ ಕಾನೂನೂ ಇದೆ. ಸಾಕಷ್ಟು ದೂರು ಬಂದರೆ ಸರ್ಕಾರವೇ ರೀಕಾಲ್ ಮಾಡಿಸಬಹುದು, ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡ. ಇನ್ನೊಂದು, ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ದೂರ ಸರಿದು ಸರ್ವೀಸ್ ಸೆಂಟರಿಗೆ ಫೋನ್ ಮಾಡಿ.

ಈಗ ಆರ್‌ಸಿ ಕಾರ್ಡ್ ತೆಗೆಯಿರಿ. ಚಾಸಿ ನಂಬರ್ ಅಂತ ಇರುತ್ತದೆ, ಅಕ್ಷರ, ಅಂಕಿ ಸೇರಿ 17. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅದು ಬರದಿದ್ದರೆ ಹತ್ತಿರದ ಅಧಿಕೃತ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ಓದಿ ಹೇಳಿ, ಅವರೇ ನೋಡುತ್ತಾರೆ. ನಾಳೆ ಬೆಳಗ್ಗೆಯೇ ಮಾಡಿ. ನಮಸ್ಕಾರ.